ಮೊಬೈಲಿನಲ್ಲಿ ವಾದ ಮಾಡುವ ಕ್ರಮ: ಹೊನ್ನಾವರ ಆವೃತ್ತಿ

ಹೊನ್ನಾವರ, ಕುಮಟಾ, ಭಟ್ಕಳ ತಾಲೂಕುಗಳಲ್ಲಿ ಬೆಳಿಗ್ಗೆ ಆರಕ್ಕೆ ಎದ್ದು ಆರೂವರೆಯೊಳಗೆ ದೇಶದ ಬಗ್ಗೆ ಒಂದು ತೀರ್ಮಾನಕ್ಕೆ ಬರುವ ಸಕಲರಿಗೂ ಈ ಕೈಪಿಡಿ ಅನ್ವಯಿಸುತ್ತದೆ. ಘಟ್ಟದ ಮೇಲಿನವರೂ ಬಳಸಬಹುದು. ಅಲ್ಲಿ ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿ ಟೈಪ್ ಮಾಡಬೇಕಾದ್ದರಿಂದ ವಾದದಲ್ಲಿ ಸ್ವಲ್ಪ ಏದುಸಿರು ಕೇಳಿಸುತ್ತದೆ. ಅದು ತಯಾರಿಕೆಯ ದೋಷವಲ್ಲ. ಉಪಯೋಗಿಸುವ ಮುನ್ನ ಪೂರ್ತಿ ಓದಿ ಎಂದು ಬರೆಯುವುದು ಇಂಥ ಪುಸ್ತಿಕೆಗಳ ಪದ್ಧತಿ. ಆದರೆ ಪೂರ್ತಿ ಓದುವ ಅಭ್ಯಾಸ ಇದ್ದವರ ಕೈಯಲ್ಲಿ ಈ ಯಂತ್ರ ಸರಿಯಾಗಿ ಓಡುವುದಿಲ್ಲ.

ಬೇಕಾಗುವ ಸಾಮಾನು

ಒಂದು ಫೋನು. ದಿನಕ್ಕೆ ಒಂದೂವರೆ ಜಿಬಿ ಡೇಟಾ. ಬಾಯಲ್ಲೊಂದು ಎಲೆಯಡಿಕೆಯ ಕವಳ. ಕವಳ ತುಂಬಿದ ಬಾಯಲ್ಲಿ ಮಾತು ಹೊರಡುವುದಿಲ್ಲ, ಟೈಪ್ ಮಾಡಲು ಮಾತ್ರ ಏನೂ ಅಡ್ಡಿಯಿಲ್ಲ. ಈ ತಂತ್ರಜ್ಞಾನವನ್ನು ಉತ್ತರ ಕನ್ನಡದವರಿಗೆಂದೇ ಕಂಡುಹಿಡಿದಿರಬೇಕು ಎಂದು ನನಗೆ ಅನುಮಾನ.

ಜೊತೆಗೆ ಒಂದು ವಾಟ್ಸಾಪ್ ಗ್ರೂಪು ಬೇಕು. ಅದು ಬೇರೆಯದೇ ಕೆಲಸಕ್ಕೆ ಹುಟ್ಟಿದ್ದಾಗಿರಬೇಕು: ದೇವಸ್ಥಾನದ ವರ್ಧಂತಿ ಊಟಕ್ಕೆ ಎಷ್ಟು ಎಲೆ ಎಂಬ ಲೆಕ್ಕಕ್ಕೋ, ಹೈಸ್ಕೂಲು ಬ್ಯಾಚಿನವರ ಕೂಟಕ್ಕೋ, ಅಡಿಕೆ ದರ ತಿಳಿಸಲಿಕ್ಕೋ. ರಾಜಕೀಯಕ್ಕೆಂದೇ ಮಾಡಿದ ಗ್ರೂಪಿನಲ್ಲಿ ಸಿಟ್ಟು ಬಂದವರು ಎದ್ದು ಹೋಗುತ್ತಾರೆ. ಅಡಿಕೆ ದರದ ಗ್ರೂಪಿನಿಂದ ಯಾರೂ ಹೋಗುವಂತಿಲ್ಲ, ನಾಳೆಯ ದರ ಬೇಕಲ್ಲ. ಅಡ್ಮಿನ್ ಸಾಮಾನ್ಯವಾಗಿ ಅಮೆರಿಕದಲ್ಲಿರುವ ಯಾರದ್ದೋ ಮಗ. ಇಲ್ಲಿ ಜಗಳ ಕಾವೇರುವ ಹೊತ್ತಿಗೆ ಅವನಿಗೆ ಅಲ್ಲಿ ನಿದ್ದೆ.

ವಿಷಯಜ್ಞಾನ: ಇದ್ದರೆ ಅಡ್ಡಿಯಿಲ್ಲ, ಆದರೆ ಪೆಟ್ಟಿಗೆಯೊಳಗೆ ಕೊಟ್ಟಿಲ್ಲ.

ವಿಷಯವನ್ನು ಹಚ್ಚುವುದು

ವಿಷಯಕ್ಕೆ ನಮ್ಮ ತಾಲೂಕಿನಲ್ಲಿ ಬರವಿಲ್ಲ. ಕಾಸರಕೋಡು ಟೊಂಕದ ಖಾಸಗಿ ಬಂದರು ಯೋಜನೆ ಇದೆ, ಚತುಷ್ಪಥ ಹೆದ್ದಾರಿ ಇದೆ. ಎಲ್ಲಕ್ಕಿಂತ ಚೆನ್ನಾಗಿ ಹತ್ತಿಕೊಳ್ಳುವುದು ಶರಾವತಿ ಪಂಪ್ಡ್ ಸ್ಟೋರೇಜ್.

ಇದನ್ನು ಬಳಸುವಾಗ ಮುಖ್ಯವಾದ ಸೂಚನೆ, ಯೋಜನೆ ಏನೆಂದು ಯಾರೂ ಹೇಳಬಾರದು. ಹೇಳಿಬಿಟ್ಟರೆ ಏನಾಗುತ್ತದೆ ನೋಡಿ. ಮೇಲೆ ಸಾಗರ ತಾಲೂಕಿನಲ್ಲಿ ತಲಕಳಲೆ ಜಲಾಶಯ, ಕೆಳಗೆ ನಮ್ಮ ಗೇರುಸೊಪ್ಪ. ಎರಡೂ ಈಗಾಗಲೇ ಇವೆ. ಕರೆಂಟು ಹೆಚ್ಚಾಗಿ ಅಗ್ಗಕ್ಕೆ ಸಿಗುವ ಹೊತ್ತಿನಲ್ಲಿ ಗೇರುಸೊಪ್ಪದ ನೀರನ್ನು ಪಂಪ್ ಮಾಡಿ ಮೇಲೇರಿಸುವುದು, ಸಂಜೆ ಊರೆಲ್ಲ ದೀಪ ಹಾಕುವಾಗ ಅದೇ ನೀರನ್ನು ಕೆಳಗೆ ಬಿಟ್ಟು ಕರೆಂಟು ತೆಗೆಯುವುದು. 250 ಮೆಗಾವ್ಯಾಟಿನ 8 ಘಟಕ, ಒಟ್ಟು 2000 ಮೆಗಾವ್ಯಾಟ್. ಏರಿಸಲು ಖರ್ಚಾದಷ್ಟು ಕರೆಂಟು ಇಳಿಸುವಾಗ ಸಿಗುವುದಿಲ್ಲ. ಇಂಥ ಯೋಜನೆಗಳಲ್ಲಿ ಎಲ್ಲೇ ಆದರೂ ಸುಮಾರು ನಾಲ್ಕನೇ ಒಂದೋ ಐದನೇ ಒಂದೋ ಪಾಲು ನಷ್ಟ. ಹಾಗಾಗಿ ಇದು ಕರೆಂಟು ಹುಟ್ಟಿಸುವ ಕಾರ್ಖಾನೆಗಿಂತ ಕೂಡಿಡುವ ಕಣಜ. ಹಗಲು ಸೋಲಾರ್ ಕರೆಂಟು ಮಿಕ್ಕುತ್ತಿದೆ, ಕೂಡಿಡದಿದ್ದರೆ ದಂಡ ಎನ್ನುವವರ ಮಾತಿಗೆ ಆಧಾರವಿದೆ. ನೀರಿನ ಸುರಂಗ ಹಾದು ಹೋಗುವುದು ಸಿಂಗಳೀಕಗಳ ಅಭಯಾರಣ್ಯದ ಅಡಿಯಲ್ಲಿ, ಅಲ್ಲಿ ಮರ ಕಡಿದರೆ ಅವು ನೆಲಕ್ಕಿಳಿದು ದಾಟಬೇಕಾಗುತ್ತದೆ ಎನ್ನುವವರ ಮಾತಿಗೂ ಆಧಾರವಿದೆ. ಕೂಡಿಡಲು ಬ್ಯಾಟರಿ ಸಾಲದೇ, ಬೇರೆ ಜಾಗವಿಲ್ಲವೇ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಕಂಡಿರಾ? ಇಷ್ಟು ಬರೆಯುವಷ್ಟರಲ್ಲಿ ಗ್ರೂಪು ಮೌನವಾಗುತ್ತದೆ. ಸರಿಯಾದ ಬಳಕೆ ಹೀಗಿರುತ್ತದೆ:

“ಹೆಗಡೇರೇ, ಫ್ಯಾನಿನ ಕೆಳಗೆ ಕೂತು ಪರಿಸರದ ಬಗ್ಗೆ ಬರೀತೀರಲ್ಲ, ಕರೆಂಟು ಎಲ್ಲಿಂದ ಬಂತು?”

“ನಾಯ್ಕರೇ, ನಿಮಗೆ ಎಷ್ಟು ಮುಟ್ಟಿತು?”

“ನಮ್ಮ ಅಜ್ಜ ಲಿಂಗನಮಕ್ಕಿಯಲ್ಲಿ ಕೆಲಸ ಮಾಡಿದವರು.”

“ಅಜ್ಜನ ಸುದ್ದಿಗೆ ಬರಬೇಡಿ ಮಾರಾಯ್ರೇ. ಅಂದಹಾಗೆ ಚಾಲಿ ಅಡಿಕೆ ದರ ಎಷ್ಟು ಇವತ್ತು?”

ಗಮನಿಸಿ, ಬಹುವಚನ ಎಲ್ಲೂ ತಪ್ಪಿಲ್ಲ. ‘ನಿಮಗೆ ಎಷ್ಟು ಮುಟ್ಟಿತು’ ಎಂದು ಲಂಚದ ಆರೋಪ ಹೊರಿಸುವಾಗಲೂ ‘ರೇ’ ಬಿಡಬಾರದು. ನಾಳೆ ಮದುವೆ ಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂರುವುದಿದೆ.

ಎಲ್ಲರೂ ಒಪ್ಪುವ ವಿಷಯ ಬಂದರೆ

ಗಾಬರಿಯಾಗಬೇಡಿ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕುಂದಾಪುರಕ್ಕೆ ಒಯ್ಯುತ್ತಿದ್ದ ಆಂಬುಲೆನ್ಸು ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಅದರ ವಿಡಿಯೋ ನೋಡದವರು ಇರಲಿಲ್ಲ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಆ ದಿನಗಳಲ್ಲಿ ಇಡೀ ಉತ್ತರ ಕನ್ನಡ ಒಂದೇ ದನಿಯಲ್ಲಿ ಬರೆಯಿತು. ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಹುಬ್ಬಳ್ಳಿಗೋ ಓಡಿದ ಅನುಭವ ಪ್ರತಿ ಮನೆಯಲ್ಲೂ ಇತ್ತು. ಎದುರುವಾದಕ್ಕೆ ಜನವೇ ಇಲ್ಲ.

ಇಂಥ ಸಂದರ್ಭದಲ್ಲಿ ಒಂದೇ ಒಂದು ಪದ ಸಾಕು: “ಎಲ್ಲಿ?” ಕುಮಟೆಯಲ್ಲೋ, ಕಾರವಾರದಲ್ಲೋ, ಶಿರಸಿಯಲ್ಲೋ? ಅಷ್ಟು ಕೇಳಿ ಫೋನನ್ನು ಕೆಳಗಿಡಿ. ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂದು ಜಿಲ್ಲೆ ತಾನಾಗಿ ಎರಡಾಗುತ್ತದೆ. ಆಳುವವರಿಗೆ ಈ ಪ್ರಶ್ನೆಯಷ್ಟು ಉಪಕಾರ ಮಾಡಿದ್ದು ಬೇರೆ ಇಲ್ಲ ಎನ್ನುವುದು ನನ್ನ ಅಭಿಪ್ರಾಯ.

ಪಾತ್ರ ಬದಲಾವಣೆ

ವಾದವನ್ನು ಕಲೆ ಮಾಡಿಕೊಂಡ ಊರು ನಮ್ಮದು. ಗುಣವಂತೆಯ ಕೆರೆಮನೆಯಲ್ಲಿ ಶಿವರಾಮ ಹೆಗಡೆಯವರು ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ್ದು 1934ರಲ್ಲಿ. ಇಲ್ಲಿ ವೇಷ ಕಟ್ಟದೆ ಪಂಚೆ ಶಾಲಿನಲ್ಲಿ ಕೂತು ಬರೀ ಮಾತಿನಲ್ಲೇ ರಾತ್ರಿ ಬೆಳಗು ಮಾಡುವ ತಾಳಮದ್ದಲೆ ಕೇಳಿ ಬೆಳೆದವರು ಈಗಲೂ ಗ್ರೂಪುಗಳಲ್ಲಿ ಇದ್ದಾರೆ. ಅವರಿಗೆ ಈ ಯಂತ್ರ ಹಿಡಿಸುವುದಿಲ್ಲ. ವಾಲಿವಧೆಯಲ್ಲಿ ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ಕೇಳಿದರೆ ರಾಮನ ಅರ್ಥಧಾರಿ ಆ ಪ್ರಶ್ನೆಗೇ ಉತ್ತರ ಹೇಳಬೇಕು. ‘ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡಿದ್ದೀಯಲ್ಲ’ ಎಂಬಷ್ಟಕ್ಕೇ ನಿಂತರೆ ಮುಂದೆ ಕೂತ ಅಜ್ಜ ಮುಖ ಗಂಟಿಕ್ಕುತ್ತಾನೆ. ವಾಲಿ ಸಾಯುತ್ತಾನೆ ಎಂಬುದು ಎಲ್ಲರಿಗೂ ಗೊತ್ತು; ಆದರೂ ವಾದದಲ್ಲಿ ವಾಲಿಯೇ ಗೆದ್ದ ರಾತ್ರಿಗಳುಂಟು. ಇವತ್ತಿನ ವಾಲಿ ನಾಳೆ ಇನ್ನೊಂದು ಊರಲ್ಲಿ ರಾಮನಾಗಿ, ತಾನೇ ಎತ್ತಿದ ಪ್ರಶ್ನೆಗೆ ತಾನೇ ಸಮಾಧಾನ ಹೇಳುತ್ತಾನೆ. ಇಬ್ಬರದ್ದೂ ಅತಿಯಾಯಿತು ಎನಿಸಿದಾಗ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ, ಅಲ್ಲಿಗೆ ಮಾತು ಬಂದ್.

ಈ ಯಂತ್ರದಲ್ಲಿ ಭಾಗವತರ ಗುಂಡಿಯನ್ನು ಅಳವಡಿಸಿಲ್ಲ. ಎದುರಿನವರ ಪ್ರಶ್ನೆಯನ್ನು ಕೇಳಿಸಿಕೊಳ್ಳುವ ಸೌಲಭ್ಯವೂ ಇಲ್ಲ. ಪಾತ್ರ ಬದಲಾವಣೆ ಮಾತ್ರ ಉಂಟು, ಅದೂ ಬಳಸುವವರಿಗೆ ಗೊತ್ತಾಗದ ಹಾಗೆ. ಮತಯಂತ್ರವನ್ನೇ ತೆಗೆದುಕೊಳ್ಳಿ. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲು ಬಳಸಿದ ಯಂತ್ರ ಅದು. ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್. 2009ರ ಚುನಾವಣೆ ಸೋತ ಮೇಲೆ ಅದರ ಮೇಲೆ ಅನುಮಾನ ಪಟ್ಟವರು ಬಿಜೆಪಿಯವರು. ಆ ಪಕ್ಷದ ಜಿ.ವಿ.ಎಲ್. ನರಸಿಂಹರಾವ್ 2010ರಲ್ಲಿ ಆ ಬಗ್ಗೆ ಪುಸ್ತಕವನ್ನೇ ಬರೆದರು. ಆಗ ಯಂತ್ರದ ಮೇಲೆ ಪೂರ್ಣ ವಿಶ್ವಾಸ ಇಟ್ಟವರು ಕಾಂಗ್ರೆಸ್ಸಿನವರು. 2025ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಕಾಂಗ್ರೆಸ್ ಸರಕಾರ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರವೇ ಇರಲಿ ಎಂದು ಶಿಫಾರಸು ಮಾಡಲು ತೀರ್ಮಾನಿಸಿತು; ಈಗ ಯಂತ್ರದ ಪರ ನಿಂತವರು ಬಿಜೆಪಿಯವರು. ಯಂತ್ರ ಅದೇ ಬಗೆಯದು, ಅನುಮಾನ ಮಾತ್ರ ಮನೆ ಬದಲಾಯಿಸಿದೆ. ಈ ನಡುವೆ ಮತಯಂತ್ರದ ಪಕ್ಕಕ್ಕೆ ವಿವಿಪ್ಯಾಟ್ ಬಂತು, ಅದರ ಚೀಟಿ 7 ಸೆಕೆಂಡು ಕಾಣುತ್ತದೆ. ಆ ಏಳು ಸೆಕೆಂಡು ಚೀಟಿ ನೋಡಿದಿರಾ ಎಂದು ಎರಡೂ ಕಡೆಯವರನ್ನು ಕೇಳಿ. ಬಹುಪಾಲು ಜನ ಶಾಯಿ ಹಚ್ಚಿದ ಬೆರಳಿನ ಸೆಲ್ಫಿ ಯೋಚನೆಯಲ್ಲಿ ಹೊರಗೆ ಬಂದಿರುತ್ತಾರೆ.

ಹಳೆಯ ಮಾದರಿ (ತಯಾರಿಕೆ ನಿಂತಿದೆ)

ಹಿಂದೆ ಜಿಲ್ಲೆಯಲ್ಲಿ ಕೈಗಾ ಮಾದರಿ ಎಂಬುದೊಂದು ಚಾಲ್ತಿಯಲ್ಲಿತ್ತು. ಅಣುಸ್ಥಾವರ ಬೇಡ ಎನ್ನುವವರು ಊರೂರಿಗೆ ಹೋಗಿ ಸಭೆ ಮಾಡುತ್ತಿದ್ದರು, ಬೇಕು ಎನ್ನುವವರು ಅದೇ ಸಭೆಗೆ ಬಂದು ಎದ್ದು ನಿಂತು ಕೇಳುತ್ತಿದ್ದರು. ಶಿವರಾಮ ಕಾರಂತರು 1989ರಲ್ಲಿ ಇದೇ ವಿಷಯ ಹಿಡಿದು ಲೋಕಸಭೆಗೆ ನಿಂತರು. ಆಗ ಅವರಿಗೆ ವಯಸ್ಸು ಎಂಬತ್ತೇಳು. ಕಾಂಗ್ರೆಸ್ಸಿನ ದೇವರಾಯ ನಾಯ್ಕರ ಎದುರು ಸೋತರು. ಈ ಮಾದರಿಗೆ ಕಾಲು ಬೇಕು, ಗಂಟಲು ಬೇಕು, ಸೋಲುವ ತಯಾರಿ ಬೇಕು. ಬಿಡಿಭಾಗ ಸಿಗದೆ ಬಳಕೆ ತಪ್ಪಿದೆ.

ಕೈಗಾ ಇವತ್ತಿಗೂ ವಾದಕ್ಕೆ ಬರುತ್ತದೆ, ಹೊಸ ವಿಧಾನದಲ್ಲಿ. 1994ರಲ್ಲಿ ಕಟ್ಟುತ್ತಿರುವಾಗಲೇ ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಅದೇ ಒಂದನೇ ಘಟಕ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ಒಂದೇ ಸಮನೆ ಓಡಿ ಜಾಗತಿಕ ದಾಖಲೆ ಮಾಡಿತು. ಎರಡೂ ನಿಜ. ಕೈಪಿಡಿಯ ಪ್ರಕಾರ ಒಬ್ಬರು ಒಂದನ್ನು ಮಾತ್ರ ಹಿಡಿಯಬೇಕು; ಎರಡನ್ನೂ ಹಿಡಿದವರಿಗೆ ಟೈಪ್ ಮಾಡಲು ಕೈ ಉಳಿಯುವುದಿಲ್ಲ.

ಈ ಕೈಪಿಡಿಯ ವ್ಯಾಪ್ತಿಗೆ ಬಾರದವರು

ಮೀನುಗಾರರು. ಲೈಟ್ ಫಿಶಿಂಗ್ ಬಗ್ಗೆ ನಾಡದೋಣಿಯವರಿಗೂ ಪರ್ಸೀನ್ ಬೋಟಿನವರಿಗೂ ಆಗುವ ವಾದ ಅಪ್ಪಟ ತಂತ್ರಜ್ಞಾನದ ವಾದ, ಅಪ್ಪಟ ರಾಜಕೀಯವೂ ಹೌದು. ಎಲ್‌ಇಡಿ ಬಲ್ಬಿನ ಬೆಳಕಿಗೆ ಮೀನು ಸೆಳೆದು ಹಿಡಿಯುವುದನ್ನು ಕೇಂದ್ರ ಸರಕಾರ 2017ರಲ್ಲೇ ನಿಷೇಧಿಸಿದೆ, ಜಗಳ ನಿಂತಿಲ್ಲ. ಆದರೆ ಬಲೆಯ ಕಣ್ಣು ಎಷ್ಟು, ಬಲ್ಬಿನ ವ್ಯಾಟು ಎಷ್ಟು, ಮರಿ ಬಂಗುಡೆ ಎಷ್ಟು ಹೋಯಿತು ಎಂದು ಇಬ್ಬರಿಗೂ ಗೊತ್ತು. ಸುಳ್ಳು ಹೇಳಿದರೆ ದಕ್ಕೆಯಲ್ಲೇ ಸಿಕ್ಕಿಬೀಳುತ್ತಾರೆ. ಗೊತ್ತಿರುವ ವಿಷಯದ ಬಗ್ಗೆ ಗೊತ್ತಿರುವವರ ಎದುರು ವಾದಿಸುವವರಿಗೆ ಈ ಯಂತ್ರದ ಅಗತ್ಯವಿಲ್ಲ.

ಎಚ್ಚರಿಕೆ

ಇಲ್ಲಿ ತಮಾಷೆ ಇಲ್ಲ. 2017ರ ಡಿಸೆಂಬರಿನಲ್ಲಿ ಹೊನ್ನಾವರದ ಗಲಭೆಯ ನಡುವೆ ಒಬ್ಬ ಹುಡುಗ ಸತ್ತ. ಅವನ ದೇಹಕ್ಕೆ ಏನೇನು ಮಾಡಿದ್ದರು ಎಂಬ ಕತೆಗಳು ಮರಣೋತ್ತರ ಪರೀಕ್ಷೆಯ ವರದಿಗಿಂತ ಮೊದಲು ಪ್ರತಿ ಫೋನಿಗೂ ತಲುಪಿದ್ದವು. ಕುಮಟೆಯಲ್ಲಿ ಪೊಲೀಸ್ ಐಜಿಯ ಕಾರಿಗೇ ಬೆಂಕಿ ಬಿತ್ತು, ಶಿರಸಿಯಲ್ಲಿ ಕಲ್ಲು ಹಾರಿತು. 2022ರಲ್ಲಿ ಸಿಬಿಐ ಅದು ಆಕಸ್ಮಿಕ ಸಾವು ಎಂದು ಕೋರ್ಟಿಗೆ ವರದಿ ಕೊಟ್ಟಿತು. ಐದು ವರ್ಷ ಕೇಸಿಗೆ ಓಡಾಡಿದವರು ಬೀದಿಗಿಳಿದ ಹುಡುಗರು. ಮೆಸೇಜು ಫಾರ್ವರ್ಡ್ ಮಾಡಿದ ಹಿರಿಯರು ಮರುದಿನ ಎಂದಿನಂತೆ ಗುಡ್ ಮಾರ್ನಿಂಗ್ ಕಳಿಸಿದರು.

ದೋಷ ಪರಿಹಾರ

ಎದುರಿನವರು ಇದ್ದಕ್ಕಿದ್ದಂತೆ ಸುಮ್ಮನಾದರೆ: ಗೆದ್ದಿರಿ ಎಂದು ತಿಳಿಯಬೇಡಿ, ಮಳೆಗೆ ಬಿಎಸ್‌ಎನ್‌ಎಲ್ ಹೋಗಿರಬಹುದು.

ಎದುರಿನವರು ನಿಮ್ಮ ಮಾತು ಒಪ್ಪಿದರೆ: ಅವರ ಫೋನು ಬೇರೆ ಯಾರ ಕೈಯಲ್ಲಿದೆ ವಿಚಾರಿಸಿ.

ಆಧಾರ ಕೇಳಿದರೆ: ಆಧಾರ ಕೇಳುವವರ ಹಿಂದೆ ಯಾರಿದ್ದಾರೆ ಎಂದು ಕೇಳಿ. ಇದಕ್ಕೆ ಇದುವರೆಗೆ ಯಾರೂ ಮದ್ದು ಕಂಡುಹಿಡಿದಿಲ್ಲ.

ಖಾತರಿ

ಗ್ರೂಪಿನಲ್ಲಿ ಬರೆದ ಯಾವ ಮಾತಿಗೂ ಖಾತರಿ ಇಲ್ಲ. ನಾಲ್ಕು ರಾತ್ರಿ ನಿದ್ದೆಗೆಟ್ಟು ಬರೆದ ವಾದವನ್ನೂ ಯಾವ ಕಚೇರಿಯೂ ಸ್ವೀಕರಿಸುವುದಿಲ್ಲ. ಸ್ವೀಕರಿಸುವ ಜಾಗ ಒಂದಿದೆ. ದೊಡ್ಡ ಯೋಜನೆಗಳಿಗೆ 2006ರ ಪರಿಸರ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಪಂಪ್ಡ್ ಸ್ಟೋರೇಜ್ ಸಭೆ 2025ರ ಸೆಪ್ಟೆಂಬರಿನಲ್ಲಿ ಗೇರುಸೊಪ್ಪದಲ್ಲೇ ಆಯಿತು. ಇಂಥ ಸಭೆಗೆ ಕನಿಷ್ಠ 30 ದಿನ ಮೊದಲು ನೋಟೀಸು ಕೊಡಬೇಕು. ಲಿಖಿತ ಆಕ್ಷೇಪವನ್ನೂ ಬೆಂಬಲವನ್ನೂ ಮಾಲಿನ್ಯ ನಿಯಂತ್ರಣ ಮಂಡಳಿ ತೆಗೆದುಕೊಳ್ಳಬೇಕು. ಜಿಲ್ಲಾಧಿಕಾರಿಯೋ ಅವರ ಪರವಾಗಿ ಬಂದ ಹಿರಿಯ ಅಧಿಕಾರಿಯೋ ಎದುರು ಕೂತು ಕೇಳಬೇಕು, ಪೂರ್ತಿ ವಿಡಿಯೋ ಆಗಬೇಕು. ಜನ ಎತ್ತಿದ ಪ್ರಶ್ನೆಗಳ ಪಟ್ಟಿಯನ್ನು ಸಭೆ ಮುಗಿಯುವ ಮುನ್ನ ಅಲ್ಲೇ ಊರಿನ ಭಾಷೆಯಲ್ಲಿ ಓದಿ ಹೇಳಬೇಕು. ಮುಂದಿನ ಸಭೆಯ ನೋಟೀಸು ಕಣ್ಣಿಗೆ ಬಿದ್ದರೆ ಗ್ರೂಪಿಗೆ ಹಾಕಿ, ಮರುದಿನವೇ ಒಂದು ಕಾಗದ ಬರೆಯಿರಿ, ಅದರ ಸ್ವೀಕೃತಿ ಚೀಟಿ ಪಡೆಯದೆ ಕಚೇರಿಯಿಂದ ಹೊರಡಬೇಡಿ.