ಟ್ರೇಲರ್ ಯಜಮಾನರು

ಮಂಡ್ಯ ಸೀಮೆಯ ಯಾವ ಊರಿಗೆ ಹೋದರೂ ಇವರು ಸಿಗುತ್ತಾರೆ: ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಯಜಮಾನರು. ಬಾನೆಟ್ಟಿನ ಮೇಲೆ ಹಿತ್ತಾಳೆ ಗಣಪ, ಅದಕ್ಕೊಂದು ಸೇವಂತಿಗೆ ಹಾರ, ಮಡ್‌ಗಾರ್ಡಿನ ಮೇಲೆ ಎರಡು ಸ್ಪೀಕರ್ ಪೆಟ್ಟಿಗೆ. ರಾಜ್‌ಕುಮಾರ್ ಹಾಡು ಹಾಕಿದರೆ ಕೆರೆ ಏರಿಯಾಚೆ ಮೇಯುವ ಎಮ್ಮೆಯೂ ತಲೆ ಎತ್ತಬೇಕು. ಇದಕ್ಕೆಲ್ಲ ಅವರು ಚೌಕಾಸಿ ಮಾಡುವವರಲ್ಲ. ಹುಬ್ಬು ಗಂಟಿಕ್ಕಿ 'ಅಷ್ಟೊಂದಾ?' ಎನ್ನುವುದು ಹಿಂದಿನ ಟ್ರೇಲರಿಗೆ ಟೈರು ಕೊಳ್ಳುವಾಗ ಮಾತ್ರ.

“ಎಳಿಯೋದು ಇಂಜಿನ್ನು ಕಣಪ್ಪ. ಟ್ರೇಲರು ಸುಮ್ನೆ ಹಿಂದ್ಗಡೆ ಬತ್ತದೆ. ಅದ್ಕ್ಯಾಕೆ ಹೊಸ ಟೈರು?”

ಈ ಸಿದ್ಧಾಂತದಲ್ಲಿ ಕಾಲು ಭಾಗ ನಿಜ. ಟ್ರೇಲರಿನ ಚಕ್ರ ಉರುಳಿದರೆ ಸಾಕು, ಮಣ್ಣು ಕಚ್ಚಿ ಎಳೆಯಬೇಕಾಗಿಲ್ಲ. ಅದಕ್ಕೇ ಟ್ರ್ಯಾಕ್ಟರಿನ ಹಿಂದಿನ ಟೈರಿಗಿರುವಂಥ ದಪ್ಪ ಹಲ್ಲು ಅದಕ್ಕೆ ಬೇಡ. ಆದರೆ ಕಬ್ಬಿನ ಭಾರವೆಲ್ಲ ಅದರ ಮೇಲೇ ಬೀಳುತ್ತದೆ ಎಂಬ ಮುಕ್ಕಾಲು ಭಾಗ, ಆ ಸ್ಪೀಕರ್ ಸದ್ದಿನಲ್ಲಿ ಯಜಮಾನರ ಕಿವಿಗೆ ಬೀಳುವುದು ಕಷ್ಟ.

ಅಂಗಡಿಯಲ್ಲಿ ಅವರ ಟೈರು ಪರೀಕ್ಷೆ ನೋಡಬೇಕು. ಮೊದಲು ಚಪ್ಪಲಿಗಾಲಲ್ಲಿ ಒಂದು ಒದೆ. ಒದ್ದು, ಕತ್ತು ವಾಲಿಸಿ ಸದ್ದು ಕೇಳುತ್ತಾರೆ. ಆಮೇಲೆ ಹೆಬ್ಬೆರಳಿನ ಉಗುರು ಊರುತ್ತಾರೆ. ಆಮೇಲೆ ಮೂಸುತ್ತಾರೆ! ಪಕ್ಕದಲ್ಲಿ '16 ಪಿಆರ್' ಎಂದಿದ್ದರೆ, “ಹದಿನಾರು ಪದರ ಕಲಾ” ಎಂದು ಜೊತೆಗೆ ಬಂದ ಮಗನಿಗೆ ಪಾಠ. ಅದು ಪದರಗಳ ಲೆಕ್ಕವಲ್ಲ, ಟೈರಿನ ಭಾರ ಹೊರುವ ಬಲದ ಗುರುತು. ಮಗನೆದುರು ಅಪ್ಪನ ಮಾನ ಕಳೆಯಬಾರದೆಂದು ಅಂಗಡಿಯವನು ಸುಮ್ಮನಿರುತ್ತಾನೆ.

ಕೊನೆಗೆ ಕಣ್ಣು ನಿಲ್ಲುವುದು ಮೂಲೆಯಲ್ಲಿ ಪಾಲಿಶ್ ಬಳಿಸಿಕೊಂಡು ಮದುವಣಿಗನ ಹಾಗೆ ಕೂತ ರಿಸೋಲ್ ಟೈರಿನ ಮೇಲೆ. ಅದರ ಪಕ್ಕೆಯಲ್ಲಿ ನಾಲ್ಕು ಅಂಕಿ: 2214.

“ಕೂಡ್ಲಾ ಮಗ.”

“ಒಂಬತ್ತು ಕಣಪ್ಪೋ.”

“ನೋಡ್ದಾ? ನಮ್ ಟ್ರ್ಯಾಕ್ಟರ್ ನಂಬ್ರೂವೆ ಕೂಡುದ್ರೆ ಒಂಬತ್ತೇ!”

“ಗೌಡ್ರೇ, ಅದು 2014ನೇ ಇಸ್ವಿ, 22ನೇ ವಾರದಲ್ಲಿ ತಯಾರಾಗಿದ್ದು ಅಂತ. ರಬ್ಬರ್ ಒಣಗೋಗದೆ. ಇಲ್ನೋಡಿ, ಸೀಳು.”

“ಹಳೇ ಕಾಲದ್ ಮಾಲು ಗಟ್ಟಿ ಕಣಯ್ಯ. ಈಗಿನ್ವು ಎಲ್ ಬಾಳ್ತವೆ?”

ವ್ಯಾಪಾರ ಮುಗಿಯಿತು. ಗಾಳಿ ಹಿಡಿಯುವಾಗಲೂ ಸಲಹೆ ನಿಲ್ಲದು: “ಕಮ್ಮಿ ಹಿಡಿ, ಹಳ್ಳ ದಿಣ್ಣೇಲಿ ಮೆತ್ತಗೆ ಹೋಗ್ಲಿ.” ಗಾಳಿ ಕಮ್ಮಿಯಾದ ಟೈರು ಲೋಡು ಹೊತ್ತಾಗ ಪಕ್ಕೆ ಮಡಚಿ ಮಡಚಿ ಕಾದು, ಕಾದ ಮೇಲೆ ಸಿಡಿಯುತ್ತದೆ. ಅಷ್ಟರಲ್ಲಿ ಯಜಮಾನರು ರಿಮ್ಮಿನ ಮೇಲೇ ಬಗ್ಗಿ ನಿಂತಿದ್ದಾರೆ. ಲಾಕ್ ರಿಂಗ್ ಸರಿಯಾಗಿ ಕೂರದೆ ಹಾರಿದರೆ ತಲೆಯೇ ಹೋದೀತೆಂದು ಅಂಗಡಿಯವನು ತೋಳು ಹಿಡಿದು ಆಚೆ ಎಳೆದರೆ, “ನಾನ್ ನೋಡ್ದೆ ಇರೋ ಟೈರಾ?” ಎಂದು ಮುನಿಸು.

ಉಳಿಸಿದ ದುಡ್ಡಿನಲ್ಲಿ ಹೊಸ ಹಾರನ್ ಬಂತು. ಟ್ರೇಲರಿನ ಬೆನ್ನಿಗೆ 'ಅಂತರ ಕಾಯ್ದುಕೊಳ್ಳಿ' ಎಂದು ಕೆಂಪಕ್ಷರದಲ್ಲಿ ಬರೆಸಿದ್ದೂ ಆಯಿತು. ಕಬ್ಬು ಅರೆಯುವ ಕಾಲದಲ್ಲಿ ಮದ್ದೂರು, ಮಂಡ್ಯದ ಕಡೆ ಗಾಡಿ ಓಡಿಸುವವರೇ, ಯಜಮಾನರ ಬೇರೆ ಯಾವ ಮಾತು ನಂಬದಿದ್ದರೂ ಇದೊಂದನ್ನು ದಯವಿಟ್ಟು ನಂಬಿ.