ಯಥಾವತ್ ರಾಯರು

ಸಾಫ್ಟ್‌ವೇರ್ ಕಂಪನಿ ಇದ್ದಲ್ಲೆಲ್ಲ ಒಬ್ಬ ಯಥಾವತ್ ರಾಯರು ಇದ್ದೇ ಇರುತ್ತಾರೆ. ವಯಸ್ಸು ನಲವತ್ತೈದರ ಆಚೀಚೆ. ತಲೆಯಲ್ಲಿ ಕೂದಲು ಕಡಿಮೆ, ಬ್ರೌಸರಿನಲ್ಲಿ ಟ್ಯಾಬುಗಳು ಜಾಸ್ತಿ. ಹಗಲು ಬ್ಯಾಂಕೊಂದರ ಸಾಫ್ಟ್‌ವೇರ್ ನೋಡಿಕೊಳ್ಳುವ ಇವರಿಗೆ ರಾತ್ರಿ ಊಟವಾದ ಮೇಲೆ ಒಂದೇ ಕೆಲಸ: 1980ರಲ್ಲಿ ಜಪಾನಿನ ನಾಮ್ಕೋ ಕಂಪನಿಯ ತೋರು ಇವಾತಾನಿ ರೂಪಿಸಿದ ಪ್ಯಾಕ್‌ಮ್ಯಾನ್ ಆಟವನ್ನು ಜಾವಾಸ್ಕ್ರಿಪ್ಟಿನಲ್ಲಿ ಮತ್ತೆ ಬರೆಯುವುದು.

“ಗೂಗಲ್‌ನವರು 2010ರಲ್ಲೇ ಮುಖಪುಟದಲ್ಲಿ ಆಡಿಸಿಬಿಟ್ಟರಲ್ಲ ಸಾರ್?” ಎಂದು ಯಾರಾದರೂ ಬಾಯಿತಪ್ಪಿ ಕೇಳಿದರೆ ಮುಖ ಕೆಂಪಾಗುತ್ತದೆ. “ಅದರ ದಾರಿಗಳು ಗೂಗಲ್ ಅಕ್ಷರದ ಆಕಾರದಲ್ಲಿದ್ದವು ಕಣ್ರೀ! ಮೂಲದಲ್ಲಿ 240 ಚುಕ್ಕಿ, ನಾಲ್ಕು ದಪ್ಪ ಗುಳಿಗೆ. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.” ಹೆಂಡತಿ ತರಲು ಹೇಳಿದ ತರಕಾರಿ ಮೂರೇ ಬಗೆ, ಅದು ಮಾತ್ರ ನೆನಪಿರುವುದಿಲ್ಲ.

ಆಟದ ನಾಲ್ಕು ದೆವ್ವಗಳ ಗುಣ ರಾಯರಿಗೆ ಕರತಲಾಮಲಕ. ಕೆಂಪು ಬ್ಲಿಂಕಿ ಪ್ಯಾಕ್‌ಮ್ಯಾನ್‌ನನ್ನು ನೇರವಾಗಿ ಬೆನ್ನಟ್ಟುತ್ತದೆ. ಪಿಂಕಿ ನಾಲ್ಕು ಮನೆ ಮುಂದಕ್ಕೆ ಗುರಿಯಿಟ್ಟು ಅಡ್ಡಗಟ್ಟುತ್ತದೆ. ಇಂಕಿ, ಬ್ಲಿಂಕಿ ಎಲ್ಲಿದೆಯೆಂದು ನೋಡಿಕೊಂಡು ಲೆಕ್ಕ ಹಾಕುತ್ತದೆ. ಕ್ಲೈಡ್ ಮಾತ್ರ ದೂರದಿಂದ ಅಟ್ಟಿಕೊಂಡು ಬಂದು, ಎಂಟು ಮನೆ ಹತ್ತಿರವಾದ ಕೂಡಲೇ ತನ್ನ ಮೂಲೆಗೆ ಓಡುತ್ತದೆ, ಕೈಸಾಲ ತೀರಿಸದ ಭಾವಮೈದುನನ ಹಾಗೆ.

ಪ್ಯಾಕ್‌ಮ್ಯಾನ್ ಮೇಲ್ಮುಖವಾಗಿ ಹೊರಟಾಗ ಪಿಂಕಿಯ ಗುರಿ ನಾಲ್ಕು ಮನೆ ಎಡಕ್ಕೂ ಜಾರುತ್ತಿತ್ತು. ಅದು ಮೂಲ ಪ್ರೋಗ್ರಾಮಿನ ಲೆಕ್ಕದ ತಪ್ಪು. ಹೊಸದಾಗಿ ಸೇರಿದ ಹುಡುಗನೊಬ್ಬ “ಇದು ಬಗ್ಗು ಅಲ್ವಾ ಸಾರ್, ಸರಿ ಮಾಡಿಕೊಡ್ಲಾ?” ಎಂದ. ರಾಯರು ಲ್ಯಾಪ್‌ಟಾಪಿಗೆ ಎರಡೂ ಕೈ ಅಡ್ಡ ಹಿಡಿದರು. “ಮುಟ್ಟಬೇಡ! ಅದನ್ನು ತರೋಕೇ ವಾರಗಟ್ಟಲೆ ನಿದ್ದೆಗೆಟ್ಟಿದ್ದೀನಿ.” ಬ್ಯಾಂಕಿನ ಕೋಡಿನಲ್ಲಿ ತಾವೇ ಬಿಟ್ಟ ಬಗ್ಗುಗಳಿಗೆ ಈ ಮಮತೆಯಿಲ್ಲ; ಅವೆಲ್ಲ ಟೆಸ್ಟರ್ ಪಾಲು.

ಮೂಲ ಯಂತ್ರ ಸೆಕೆಂಡಿಗೆ 60 ಚಿತ್ರ ತೋರಿಸುತ್ತಿತ್ತು. ರಾಯರು ಆಟದ ಹೆಜ್ಜೆಯನ್ನು ಪರದೆಯ ವೇಗಕ್ಕೇ ಕಟ್ಟಿಹಾಕಿದ್ದರು. ಮಗನ ಹೊಸ ಲ್ಯಾಪ್‌ಟಾಪಿನ 144 ಹರ್ಟ್ಸ್ ಪರದೆಯಲ್ಲಿ ತೆರೆದರೆ ದೆವ್ವಗಳಿಗೇ ದೆವ್ವ ಹಿಡಿದಂತೆ ಓಡಾಟ! ಮಗ ಒಂದು ಗಳಿಗೆ ನೋಡಿ, “ಅಪ್ಪ, ಇದರಲ್ಲಿ ಗನ್ ಯಾವಾಗ ಸಿಗತ್ತೆ?” ಎಂದು ಕೇಳಿ ಎದ್ದುಹೋದ.

ಇನ್ನು ಸದ್ದಿನ ಪಾಡು. ನೋಡುಗರು ಒಮ್ಮೆ ಕ್ಲಿಕ್ ಮಾಡುವವರೆಗೆ ಈಗಿನ ಬ್ರೌಸರುಗಳು ದನಿಯೆತ್ತಲು ಬಿಡುವುದಿಲ್ಲ. ಅದಕ್ಕೆಂದೇ ರಾಯರು ‘ನಾಣ್ಯ ಹಾಕಿ’ ಎಂಬ ಗುಂಡಿ ಇಟ್ಟರು. “ಮನೆಯೊಳಗೂ ಕಾಸು ಕೇಳ್ತೀರಲ್ರೀ!” ಎಂದು ಹೆಂಡತಿ ದೀಪ ಆರಿಸಿದರು.

ಎಲ್ಲಕ್ಕಿಂತ ಹೆಮ್ಮೆ 256ನೇ ಹಂತದ್ದು. ಹಂತದ ಸಂಖ್ಯೆ ಎಂಟು ಬಿಟ್ಟುಗಳಲ್ಲಿ ಹಿಡಿಸದೆ ಅಲ್ಲಿ ಪರದೆಯ ಬಲ ಅರ್ಧ ಕಲಸುಮೇಲೋಗರವಾಗುತ್ತಿತ್ತು. ರಾಯರು ಅದನ್ನೂ ಅಕ್ಷರ ಬಿಡದೆ ಕಲಸಿಟ್ಟಿದ್ದಾರೆ. ಆಡುತ್ತಾ ಅಲ್ಲಿಗೆ ತಲುಪುವುದು ಅವರಿಂದಾಗದ ಮಾತು. ಎರಡನೇ ಹಂತದಲ್ಲೇ ಕ್ಲೈಡ್ ಕೈಗೆ ಸಿಕ್ಕಿಬೀಳುತ್ತಾರೆ.

ಹಳೆಯ ಆಟಗಳು ಉಳಿಯುವುದು ಇಂಥವರಿಂದಲೇ, ಅನುಮಾನವಿಲ್ಲ. ನಿಮ್ಮ ಆಫೀಸಿನ ರಾಯರು ಲಿಂಕ್ ಕಳಿಸಿದರೆ ತೆರೆದು ಆಡಿ, “ಥೇಟ್ ಹಾಗೇ ಇದೆ ಸಾರ್” ಅನ್ನಿ. “ಮೊದಲಿಗಿಂತ ಚೆನ್ನಾಗಿದೆ” ಎಂದು ಮಾತ್ರ ಅನ್ನಬೇಡಿ. ಎಲ್ಲಿ ಕೆಡಿಸಿದೆನೋ ಎಂದು ಬೆಳಗಿನವರೆಗೆ ಹುಡುಕುತ್ತಾರೆ.