ಡಬ್ಬಿ ಸಾಹೇಬ್ರು

ಅವರ ನಿಜವಾದ ಹೆಸರು ಈಗ ಪೆನ್ಷನ್ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಚಿತ್ರದುರ್ಗದ ಜನಕ್ಕೆಲ್ಲ ಅವರು ಡಬ್ಬಿ ಸಾಹೇಬ್ರು. ಸರ್ವೀಸಿನ ಉದ್ದಕ್ಕೂ ಮೋರಿ, ಸೇತುವೆಗಳ ನಕಾಶೆ ತಿದ್ದಿದವರು, ರಿಟೈರ್ ಆದ ಮೇಲೆ ಚಿತ್ರ ಕಲಿಯಲು ಹೊರಟರು. ಡ್ರಾಯಿಂಗ್ ಮೇಷ್ಟ್ರು ಮೊದಲ ಪಾಠಕ್ಕೆ ಒಂದು ಡಬ್ಬಿ ಬರೆಯಲು ಹೇಳಿದರು. ಎರಡನೇ ಪಾಠ ಇನ್ನೂ ಶುರುವಾಗಿಲ್ಲ.

ಇಂಥವರು ನಿಮ್ಮೂರಲ್ಲೂ ಇದ್ದಾರೆ. ವೀಣೆ ಕಲಿಯಲು ಹೋಗಿ ಶ್ರುತಿ ಮಾಡುವುದರಲ್ಲೇ ವರ್ಷ ಕಳೆದವರು, ಇಂಗ್ಲಿಷ್ ಕಲಿಯಲು ಹೋಗಿ ಡಿಕ್ಷನರಿಗೆ ಬೈಂಡ್ ಹಾಕಿಸಿ ಸುಮ್ಮನಾದವರು, ಎಲ್ಲ ಒಂದೇ ವಂಶ.

ಸಾಹೇಬ್ರಿಗೆ ಶಾಸ್ತ್ರ ಗೊತ್ತಿಲ್ಲ ಅನ್ನುವ ಹಾಗಿಲ್ಲ. 1435ರಲ್ಲಿ ಇಟಲಿಯ ಆಲ್ಬರ್ಟಿ ಚಿತ್ರಕಲೆಯ ಮೇಲೆ ಗ್ರಂಥ ಬರೆದು ಪರ್ಸ್ಪೆಕ್ಟಿವ್‌ಗೆ ಲೆಕ್ಕ ಕಟ್ಟಿಕೊಟ್ಟದ್ದನ್ನು ಹಾಲಿನವನಿಗೂ ಹೇಳಿದ್ದಾರೆ. ‘ರೋಡಿನ ಎರಡು ಅಂಚು ದೂರದಲ್ಲಿ ಕೂಡಿದ ಹಾಗೆ ಕಾಣ್ತದಲ್ಲಪ್ಪ, ಅದೇ ವ್ಯಾನಿಶಿಂಗ್ ಪಾಯಿಂಟು.’ ಹಾಲಿನವನು ತಲೆಯಾಡಿಸಿ ತಾನೇ ವ್ಯಾನಿಶ್ ಆಗುತ್ತಾನೆ.

ತೊಂದರೆ ಶುರುವಾದದ್ದು ಡಬ್ಬಿಯನ್ನು ಮೂಲೆ ಮುಂದಾಗಿ ಇಟ್ಟಾಗ. ಆಗ ಎಡಕ್ಕೊಂದು ಬಲಕ್ಕೊಂದು, ಹೀಗೆ ಎರಡು ಬಿಂದು ಬೇಕು. ಎರಡೂ ಹತ್ತಿರವಾದರೆ ಡಬ್ಬಿಯ ಮೂಲೆ ಮೂತಿ ಚಾಚಿ ನಮ್ಮ ಮೇಲೇ ಬೀಳುವ ಹಾಗೆ ಕಾಣುತ್ತದೆ. ಆದ್ದರಿಂದ ಬಿಂದುಗಳನ್ನು ಕಾಗದದ ಆಚೆ ದೂರದಲ್ಲಿ ಇಡಬೇಕು. ಬೇರೆಯವರು ಅದನ್ನು ಅಂದಾಜಿನಲ್ಲಿ ಇಡುತ್ತಾರೆ. ಸಾಹೇಬ್ರು ದೇವರ ಮನೆ ಬಾಗಿಲಿಗೊಂದು, ಅಡುಗೆಮನೆ ಕಿಟಕಿಗೊಂದು ಮೊಳೆ ಹೊಡೆದು, ಎರಡರಿಂದಲೂ ನಡುಮನೆಯ ಮೇಜಿಗೆ ದಾರ ಎಳೆದರು. ‘ಏನ್ರೀ, ನಿಮ್ಮ ಡಬ್ಬಿ ಮುಗಿಯೋ ತನಕ ನಾನು ಬಗ್ಗಿಕೊಂಡೇ ಓಡಾಡಬೇಕಾ?’ ಎಂದು ಯಜಮಾನತಿ ಕೇಳಿದರು. ಒಗೆದ ಟವೆಲ್ಲು ದಾರದ ಮೇಲೆ ಒಣಗತೊಡಗಿದ ದಿನ ಸಾಹೇಬ್ರು ಊರಂಚಿನ ಚಂದ್ರವಳ್ಳಿ ಕೆರೆಯ ಬಳಿಗೆ ಸ್ಥಳಾಂತರಗೊಂಡರು.

ಸರಳರೇಖೆ ಹುಡುಕಿಕೊಂಡು ಚಂದ್ರವಳ್ಳಿಗೆ ಹೋದವರು ಬಹುಶಃ ಅವರೊಬ್ಬರೇ. ಕೆರೆಯ ಸುತ್ತ ಎಲ್ಲಿ ನೋಡಿದರೂ ಹೊಟ್ಟೆ ಉಬ್ಬಿದ ಬಂಡೆಗಳು. ಅಂಕಲಿ ಮಠದ ಗವಿಗೆ ಇಳಿದರೆ ಕತ್ತಲು. ಅದಕ್ಕೇ ಚಪ್ಪಲಿ ಅಂಗಡಿಯ ರಟ್ಟಿನ ಡಬ್ಬಿಯೊಂದನ್ನು ಮನೆಯಿಂದಲೇ ತಂದು, ಗಾಳಿಗೆ ಹಾರದಂತೆ ಒಳಗೆ ಕಲ್ಲು ತುಂಬಿ, ಬಂಡೆಯ ಮೇಲಿಟ್ಟು ಎದುರಿಗೆ ಕೂರುತ್ತಾರೆ. ಒಂದು ಗೆರೆ ಎಳೆಯುವುದು, ಕಣ್ಣು ಕಿರಿದು ಮಾಡುವುದು, ಅಳಿಸುವುದು. ಕಾಗದ ತೂತಾದ ಮೇಲೆ ಹೊಸ ಹಾಳೆ.

ಭಾನುವಾರ ಮೇಷ್ಟ್ರು ಡ್ರಾಯಿಂಗ್ ಗ್ರೇಡ್ ಪರೀಕ್ಷೆಯ ಹುಡುಗರನ್ನು ಅಲ್ಲಿಗೇ ಕರೆತರುತ್ತಾರೆ. ಅವರ ಪಾಠ ಚಿಕ್ಕದು: ರಬ್ಬರ್ ಮುಟ್ಟಬೇಡಿ, ಡಬ್ಬಿ ಬರೆದ ಮೇಲೆ ಅದರ ಅಂಚುಗಳನ್ನು ಹಿಂದಕ್ಕೆ ಉದ್ದ ಎಳೆದು ಎಲ್ಲಿ ಕೂಡುತ್ತವೆ ನೋಡಿ, ಆಮೇಲೆ ಇನ್ನೊಂದು ಬರೆಯಿರಿ. ಒಬ್ಬ ಹುಡುಗ ಸಾಹೇಬ್ರ ಪಕ್ಕದಲ್ಲೇ ಕೂತು ಹಾಳೆ ತುಂಬ ಡಬ್ಬಿ ಸುರಿದ.

‘ಇದರ ಹಿಂದಿನ ಅಂಚು ಸೊಟ್ಟಗಿದೆಯಲ್ಲೋ, ತಿದ್ದಲ್ವಾ?’

‘ಸೊಟ್ಟ ಅಂತ ಗೊತ್ತಾಯ್ತಲ್ಲ ತಾತ,’ ಅಂದು ಹುಡುಗ ಮುಂದಿನ ಡಬ್ಬಿಗೆ ಕೈ ಹಾಕಿದ.

ಸಾಹೇಬ್ರು ಇಂಥ ಉಡಾಫೆ ಸಹಿಸುವವರಲ್ಲ. ಅಲ್ಲೇ ಬಂಡೆಯ ಮೇಲೆ ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಪ್ರಾಕೃತ ಶಾಸನವಿದೆ, ನಾಲ್ಕನೇ ಶತಮಾನದ್ದು. ಅದರ ಬಗ್ಗೆಯೂ ಅವರಿಗೆ ತಕರಾರು: ‘ಕಲ್ಲು ಸ್ವಲ್ಪ ನಯ ಮಾಡಿಕೊಂಡು ಕೆತ್ತಬಾರದಿತ್ತಾ?’ ಉಳಿಗೆ ರಬ್ಬರ್ ಇಲ್ಲದ್ದರಿಂದ ಅದನ್ನು ಕೆತ್ತಿದ ಪುಣ್ಯಾತ್ಮ ಕೆಲವೇ ಸಾಲಿನಲ್ಲಿ ಕೆರೆ, ರಾಜ, ಅವನು ಗೆದ್ದ ಅರಸರು ಎಲ್ಲ ಮುಗಿಸಿದ. ನಮ್ಮ ಸಾಹೇಬ್ರ ಕೈಗೆ ಉಳಿ ಸಿಕ್ಕಿದ್ದರೆ ಕದಂಬರು ಇತಿಹಾಸಕ್ಕೆ ಇನ್ನೂ ಬಂದಿರುತ್ತಿರಲಿಲ್ಲ. ಸಾಹೇಬ್ರು ಒಪ್ಪುವ ಒಬ್ಬನೇ ಮನುಷ್ಯ ಪುರಾತತ್ವಜ್ಞ ಮಾರ್ಟಿಮರ್ ವೀಲರ್. ಚೌಕ ಚೌಕವಾಗಿ ಅಗೆದು ನಡುವೆ ಬದು ಬಿಡುವುದಕ್ಕೆ ಹೆಸರಾದ ಆತ 1947ರಲ್ಲಿ ಬ್ರಹ್ಮಗಿರಿಯಲ್ಲೂ ಇಲ್ಲೂ ಉತ್ಖನನ ಮಾಡಿಸಿದ. ‘ಅಂಚು ಅಂದ್ರೆ ಏನು ಅಂತ ಗೊತ್ತಿದ್ದೋನು!’ ಆ ಅಂಚಿನ ಒಳಗೆ ಶಾತವಾಹನರ ಕಾಲದ ಅವಶೇಷ ಸಿಕ್ಕಿತೆಂಬುದು ಅವರಿಗೆ ನಂತರದ ವಿಷಯ.

ಹೋದ ಬೇಸಿಗೆ ರಜೆಗೆ ಮೊಮ್ಮಗ ಬಂದ. ಮಂಡಕ್ಕಿ ತಿನ್ನುತ್ತ, ಎಣ್ಣೆಗೈಯಲ್ಲೇ ಹಳೆಯ ಲೈಟ್ ಬಿಲ್ಲು ಮುಂದೆ ಹಿಡಿದು, ‘ತಾತ, ಬಸ್ ಬರಿ’ ಅಂದ. ಸ್ಕೇಲು ಒಳಗೆಲ್ಲೋ ಇತ್ತು, ಹುಡುಗನಿಗೆ ತಾಳ್ಮೆ ಇರಲಿಲ್ಲ. ಸಾಹೇಬ್ರು ಬಿಲ್ಲಿನ ಹಿಂಬದಿಗೆ ಗೀಚಿಯೇ ಬಿಟ್ಟರು. ಮೂಲೆ ಮುಂದಾಗಿ ನಿಂತ ಕೆಂಪು ಬಸ್ಸು, ಕಿಟಕಿಗಳು ಹಿಂದೆ ಹೋಗುತ್ತ ಸಣ್ಣಗಾಗಿದ್ದವು, ಟಾಪಿನ ಮೇಲೆ ಲಗೇಜು. ಯಜಮಾನತಿ ಒಲೆ ಬಿಟ್ಟು ಬಂದು ನೋಡಿದರು.

ಹುಡುಗ ಅದನ್ನು ಹಿಡಿದು ಬಾಯಲ್ಲೇ ಹಾರನ್ ಬಾರಿಸುತ್ತ ಬೀದಿಗೆ ಓಡಿದ. ಹಿಂದೆಯೇ ಸಾಹೇಬ್ರು ರಬ್ಬರ್ ಹಿಡಿದು ಓಡಿದರು. ‘ಕೊಡೋ ಇಲ್ಲಿ, ಎಡಗಡೆ ಅಂಚು ಒಂಚೂರು ಇಳಿದಿದೆ!’

‘ಆಗಲ್ಲ ತಾತ, ಬಸ್ಸು ಹಿರಿಯೂರು ದಾಟಿತು!’